ಎಲ್ಲರಿಗೂ ತೋರಿಸೋದಿಲ್ಲ

ಗುಹೆಯ ಗೈಡ್ ಟಾರ್ಚಿನ ಬೆಳಕನ್ನು ಅಂಗೈಯಲ್ಲಿ ಮುಚ್ಚಿಕೊಂಡು ದನಿ ತಗ್ಗಿಸಿದ. ಒಳಗೆ ಇನ್ನೊಂದು ಕೋಣೆಯಿದೆಯಂತೆ, ತೊಟ್ಟಿಕ್ಕಿದ ನೀರು ಅಲ್ಲಿ ಕಲ್ಲಿನ ಹೂವಾಗಿದೆಯಂತೆ.

"ಎಲ್ಲರಿಗೂ ತೋರಿಸೋದಿಲ್ಲ. ನೀವು ಗಲಾಟೆ ಮಾಡ್ಲಿಲ್ಲ ಅಂತ ಅಷ್ಟೇ."

ಗುಬ್ಬಿಯ ಎದೆ ಅರಳಿತು. ಹುಟ್ಟಿದಾಗಿನಿಂದ ಗಲಾಟೆ ಮಾಡದೆ ಬದುಕಿದ್ದಕ್ಕೆ ಅವಳಿಗೆ ಸಿಕ್ಕ ಮೊದಲ ಬಹುಮಾನ ಅದು.

ಪಕ್ಕದಲ್ಲಿದ್ದ ಮೇಷ್ಟ್ರು ಅವಳ ಕಿವಿಯ ಹತ್ತಿರ ಬಗ್ಗಿದ. "ಹಿಂದಿನ ಗುಂಪಿಗೂ ಇದನ್ನೇ ಹೇಳಿದ. ಮುಂದಿನವರಿಗೂ ಹೇಳ್ತಾನೆ. ಇದೇ ಮೊದಲ ಪಾಠ."

ಕಲ್ಲಿನ ಹೂವು ಅಲ್ಲೇ ಬಾಡಿತು. ಆದರೆ ಕಿವಿಯ ಪಕ್ಕ ಆ ಉಸಿರಿನ ಬಿಸಿ ಮಾತ್ರ ಆಫೀಸಿನ ವ್ಯಾನು ಹತ್ತುವವರೆಗೂ ಆರಲಿಲ್ಲ.

ಅವನು ಮೇಷ್ಟ್ರೇನೂ ಅಲ್ಲ. ಪ್ರವಾಸಿ ತಾಣಗಳಿಗೆ ಜಾಹೀರಾತು ಮಾಡಿಕೊಡುವ ಆಫೀಸಿನಲ್ಲಿ ಅವಳಿಗಿಂತ ಸೀನಿಯರ್. ಹೋದಲ್ಲೆಲ್ಲ ಪಾಠ ಹೇಳುತ್ತಾನೆಂದು ಎಲ್ಲರೂ ಸೇರಿ ಇಟ್ಟ ಹೆಸರು ಅದು. ಅವಳು ಹೊಸಬಳು, ಬ್ರೋಷರುಗಳಿಗೆ ಸಾಲು ಬರೆಯುವವಳು. ಗುಬ್ಬಿ ಎಂದು ಕರೆಯುತ್ತಿದ್ದುದು ಅವಳ ಅಕ್ಕ. ಫೋನಿನಿಂದ ಆಚೆಗೂ ಕೇಳುವ ಗಂಟಲು ಅಕ್ಕನದು. ಮೇಷ್ಟ್ರು ಒಮ್ಮೆ ಅದನ್ನು ಕೇಳಿಸಿಕೊಂಡವನು, ಮರುದಿನದಿಂದ ತಾನೂ ಹಾಗೇ ಕರೆಯತೊಡಗಿದ.

ಆಮೇಲೆ ಅವಳ ವಾರದ ರಜೆಗಳಲ್ಲಿ, ಕೆಲಸ ಕಲಿಯಲೆಂದು ಹೇಳಿ ಅವನು ಇನ್ನಷ್ಟು ಜಾಗ ತೋರಿಸಿದ. ಹಳೇ ಲೈಟ್‌ಹೌಸಿನ ಮುಂದೆ ಕ್ಯೂವನ್ನು ಬೇಕೆಂದೇ ಹಾವಿನಂತೆ ಸುತ್ತಿಸಿದ್ದರು. ಒಳಗೆ ಮೆಟ್ಟಿಲುಗಳೆಲ್ಲ ಖಾಲಿ. ಬಿಸಿಲಿನಲ್ಲಿ ಕಾದು ಹತ್ತಿದವನಿಗೆ ಮೇಲಿನ ಸಮುದ್ರ ಇನ್ನೂ ಚೆಂದ ಕಾಣುತ್ತದೆ ಎಂದ ಅವನು. ಚಿಟ್ಟೆ ತೋಟದ ಬಾಗಿಲಲ್ಲಿ, ಕೆಲವು ದಿನ ಚಿಟ್ಟೆಗಳು ಕಾಣಿಸದೇ ಇರಬಹುದು ಎಂಬ ಫಲಕವಿತ್ತು. ಸಣ್ಣದೊಂದು ಕೊರತೆಯನ್ನು ತಾವಾಗಿಯೇ ಒಪ್ಪಿಕೊಂಡರೆ ಮಿಕ್ಕಿದ್ದನ್ನೆಲ್ಲ ಜನ ಕಣ್ಣುಮುಚ್ಚಿ ನಂಬುತ್ತಾರೆ, ಎಂದು ವಿವರಿಸಿದ.

ಕನ್ನಡಿ ಮನೆಯಲ್ಲಿ ಹೊರದಾರಿ ಸೀದಾ ಆಟಿಕೆ ಅಂಗಡಿಯೊಳಕ್ಕೆ ತೆರೆಯುತ್ತಿತ್ತು. ಅದನ್ನು ಗಮನಿಸಬೇಕೆಂದು ಹೇಳಿದ್ದವನೇ ಅಂಗಡಿಯತ್ತ ನೋಡುತ್ತಿರಲಿಲ್ಲ. ಎದುರಿನ ಕನ್ನಡಿಯಲ್ಲಿ ಅವಳ ಕಣ್ಣಿಗೆ ಅವನ ಕಣ್ಣು ಸಿಕ್ಕಿತು. ಅವನು ಕೂಡಲೇ ಕಾಲರು ಸರಿಮಾಡಿಕೊಂಡು, ನೆಟ್ಟಗೇ ಇದ್ದ ಕೂದಲನ್ನು ಇನ್ನೊಮ್ಮೆ ನೆಟ್ಟಗೆ ಮಾಡಿಕೊಂಡ. ಅವಳು ತುಟಿ ಕಚ್ಚಿ ನಗು ತಡೆದಳು. ಎಷ್ಟು ತಡೆದರೂ ಸುತ್ತಲಿನ ಅಷ್ಟೂ ಕನ್ನಡಿಗಳು ಚಾಡಿ ಹೇಳಿಬಿಟ್ಟವು.

ಆ ವಾರ ಆಫೀಸಿನ ಮೆಟ್ಟಿಲ ಬಳಿ ಅವನು ಅವಳನ್ನು ನಿಲ್ಲಿಸಿದ.

"ಅಮ್ಮ ಬಂದಿದ್ದಾರೆ. ಭಾನುವಾರ ಸಂಜೆ ಬಸ್ಸಿಗೆ ಹೊರಟುಬಿಡ್ತಾರೆ. ಅದಕ್ಕೆ ಮುಂಚೆ ನೀವು ಮನೆಗೆ ಬರ್ಬೇಕು ಅಂತ ಆಸೆ. ನೀವಂದ್ರೆ ನನಗೆ..." ಅವನು ಕೈಯಲ್ಲಿದ್ದ ಫೈಲನ್ನು ಒಮ್ಮೆ ತಿರುಗಿಸಿದ. "ಇದನ್ನ ನಾನು ಎಲ್ಲರಿಗೂ ಹೇಳೋದಿಲ್ಲ."

ಅಷ್ಟು ಹೊತ್ತು ಅರಳುತ್ತಿದ್ದ ಗುಬ್ಬಿಯ ಮುಖ ಆ ಕೊನೆಯ ಮಾತಿಗೆ ಮುದುಡಿಕೊಂಡಿತು. ಗುಹೆಯ ಗೈಡ್‌ನ ಮಾತೇ, ತೋರಿಸೋದು ಹೋಗಿ ಹೇಳೋದು ಆಗಿತ್ತು, ಅಷ್ಟೇ. ದನಿ ತಗ್ಗಿಸಿದ ರೀತಿಯೂ ಅದೇ. ಮೇಲೆ ಭಾನುವಾರದವರೆಗೆ ಮಾತ್ರ ಎಂಬ ಗಡುವು ಬೇರೆ. ಯೋಚಿಸಿ ಹೇಳುತ್ತೇನೆ ಎಂದು ಅವಳು ಮೆಟ್ಟಿಲಿಳಿದಳು.

ಅನುಮಾನ ಒಮ್ಮೆ ಹೊಕ್ಕರೆ ಮನೆಯ ಸಾಮಾನನ್ನೆಲ್ಲ ಕೆಳಗಿಳಿಸಿ ನೋಡುತ್ತದೆ. ಫೋನು ಮಾಡುತ್ತೇನೆಂದು ಹೇಳಿ ತಡವಾಗಿ ಮಾಡುತ್ತಿದ್ದನಲ್ಲ, ಅದು ಲೈಟ್‌ಹೌಸಿನ ಕ್ಯೂ ಇರಬಹುದೇ? ತನಗೆ ಹಾಡಲು ಬರುವುದಿಲ್ಲ ಎಂದು ತಾನಾಗಿಯೇ ಒಪ್ಪಿಕೊಂಡಿದ್ದ. ಅದು ಚಿಟ್ಟೆ ತೋಟದ ಫಲಕವೇ? ಮರುದಿನ ಊಟದ ಹೊತ್ತಿಗೆ ಅಕೌಂಟ್ಸ್ ಮೇಡಂ, ಮೇಷ್ಟ್ರು ಹೊಸಬರನ್ನೆಲ್ಲ ಗುಹೆಗೆ ಕರೆದುಕೊಂಡು ಹೋಗುತ್ತಾನೆ, ತನ್ನನ್ನೂ ಕರೆದುಕೊಂಡು ಹೋಗಿದ್ದ ಎಂದು ನಗುತ್ತಾ ಹೇಳಿದರು. ಗುಬ್ಬಿ ಅರ್ಧ ಊಟಕ್ಕೇ ಡಬ್ಬಿಯ ಮುಚ್ಚಳ ಹಾಕಿದಳು.

ಮನೆಯಲ್ಲಿ ಅಕ್ಕ ಬಟ್ಟೆಗೆ ಇಸ್ತ್ರಿ ಹಾಕುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು.

"ನೀನು ಅವನನ್ನ ಇಷ್ಟಪಡ್ತೀಯೋ ಇಲ್ವೋ, ಅದನ್ನ ಹೇಳು."

"ಇಷ್ಟಾನೇ ಅಕ್ಕಾ. ಆದ್ರೆ ಈ ಇಷ್ಟ ನನಗೇ ಹುಟ್ಟಿದ್ದೋ, ಅವನು ಹುಟ್ಟಿಸಿದ್ದೋ ಗೊತ್ತಾಗ್ತಿಲ್ಲ."

"ಹಾಗಾದ್ರೆ ಹೋಗೇ. ಇಷ್ಟು ದಿನ ಶೋಕೇಸ್ ನೋಡಿದೀಯ. ಹಿಂದಿನ ಗೋಡೌನ್ ಹೇಗಿದೆ ಅಂತ ನೋಡ್ಕೊಂಡು ಬಾ."

ಹೀಗೆ ಗುಬ್ಬಿ ಭಾನುವಾರ, ಪ್ರೇಮಕ್ಕಿಂತ ಹೆಚ್ಚಾಗಿ ತಪಾಸಣೆಗೆಂದು ಹೊರಟಳು. ಟೈಲರ್ ಅಂಗಡಿಯ ಮೇಲಿನ ಎರಡು ಕೋಣೆಗಳ ಮನೆ. ಬಾಗಿಲು ತೆರೆದ ಮೇಷ್ಟ್ರ ಅಂಗಿಯ ಒಂದು ಗುಂಡಿ ತಪ್ಪು ಕಾಜಕ್ಕೆ ಹೋಗಿತ್ತು. ಇದೂ ಬೇಕೆಂದೇ ಮಾಡಿದ್ದಿರಬಹುದೇ ಎಂದುಕೊಂಡು ಒಳಗೆ ಬಂದಳು.

ಅವನ ಅಮ್ಮ ಮಂಚದ ಮೇಲೆ ಕೂತು ಕಿಟಕಿ ಪರದೆಯ ಅಂಚು ಹೊಲಿಯುತ್ತಿದ್ದರು. ಸೂಜಿಗೆ ದಾರ ಪೋಣಿಸಿಕೊಡೆಂದು ಅವಳ ಕೈಗಿತ್ತು, ಮಗನ ಮೇಲೆ ದೂರು ಶುರುಮಾಡಿದರು. ಒದ್ದೆ ಟವೆಲನ್ನು ಹಾಸಿಗೆ ಮೇಲೆ ಎಸೆಯುತ್ತಾನಂತೆ. ಬೈದರೆ ಮಾತು ಬಿಡುತ್ತಾನಂತೆ. ಹಿಂದೆ ಒಂದು ಸಂಬಂಧ ನೋಡಲು ಹೋದಾಗ ಆ ಹುಡುಗಿಯ ತಂದೆಗೆ ಅವರ ಅಂಗಡಿಯ ಬೋರ್ಡು ಸರಿಯಿಲ್ಲ ಅಂತ ಪಾಠ ಹೇಳಿದನಂತೆ. ಅಲ್ಲಿಗೆ ಆ ಮಾತೇ ಮುಗಿದಿತ್ತು.

"ಅಮ್ಮ, ಸಾಕು," ಎಂದ ಅವನು.

"ಯಾಕೋ ಸಾಕು? ನಾಳೆ ಅವಳು ಬಂದು, ಮೊದ್ಲೇ ಯಾಕೆ ಹೇಳ್ಲಿಲ್ಲ ಅಂತ ನನ್ನ ಕೇಳ್ಬಾರ್ದು."

ಗುಬ್ಬಿಗೆ ನಗು ಬಂತು. ಕೊಳ್ಳಲು ಬಂದವರ ಮುಂದೆ ಸರಕನ್ನು ಹೀಗೆ ಝಾಡಿಸುವವರನ್ನು ಅವಳು ನೋಡಿರಲಿಲ್ಲ. ಆದರೆ ಮರುಕ್ಷಣವೇ ನಗು ಅರ್ಧಕ್ಕೆ ನಿಂತಿತು. ಕೊರತೆಗಳನ್ನು ಮೊದಲೇ ಹೇಳಿಬಿಡುವುದೂ ಒಂದು ಪಾಠವೇ ಅಲ್ಲವೇ? ತಾಯಿ ಮಗ ಕೂತು ಮೊದಲೇ ಮಾತಾಡಿಕೊಂಡಿದ್ದರೆ?

ಇದಕ್ಕೆ ಕೊನೆಯೇ ಇಲ್ಲ ಎಂದು ಅವಳಿಗೆ ಹೊಳೆದದ್ದು ಆಗಲೇ. ಅವನು ಸುಳ್ಳು ಹೇಳಿದರೂ ಅನುಮಾನ, ನಿಜ ಹೇಳಿದರೆ ಇನ್ನೂ ಹೆಚ್ಚು. ಅನುಮಾನ ತೀರಲಿ ಎಂದು ಕಾಯುತ್ತಾ ಕೂತರೆ ಅವನ ಈ ಮುಖವನ್ನು ಇನ್ಯಾರೋ ನೋಡಿಕೊಂಡಿರುತ್ತಾರೆ. ಆ ಯೋಚನೆಗೆ ಅವಳಿಗೆ ಸಂಕಟವಾಯಿತು. ಆ ಸಂಕಟವನ್ನು ಮಾತ್ರ ಯಾರೂ ಅವಳಿಗೆ ಮಾರಿರಲಿಲ್ಲ.

ಹೊರಡುವ ಹೊತ್ತಾಯಿತು. ಅಮ್ಮ ಸೀರೆ ಬದಲಿಸಲು ಒಳಗೆ ಹೋದರು. ಗುಬ್ಬಿ ಕಿಟಕಿಯ ಬಳಿ ನಿಂತು ಕೇಳಿದಳು.

"ಹೊಸಬರನ್ನೆಲ್ಲ ಗುಹೆಗೆ ಕರ್ಕೊಂಡು ಹೋಗ್ತೀರಂತೆ."

"ಹೌದು. ಅದು ಕೆಲಸ."

"ಮತ್ತೆ ಲೈಟ್‌ಹೌಸು, ಕನ್ನಡಿ ಮನೆ?"

ಅವನು ನೆಲ ನೋಡಿದ. "ಅವು ನಮ್ಮ ಆಫೀಸಿನ ಗಿರಾಕಿಗಳೇ ಅಲ್ಲ. ನಿಮ್ಮ ರಜೆ ದಿನ ನಾನೂ ರಜೆ ಹಾಕಿ ಬರ್ತಿದ್ದೆ. ನಿಮ್ಮ ಜೊತೆ ಓಡಾಡೋಕೆ ನನಗೆ ಬೇರೆ ನೆಪ ಗೊತ್ತಿರ್ಲಿಲ್ಲ."

ಅವಳು ಅವನ ಮುಖವನ್ನೇ ನೋಡಿದಳು. ಕಿವಿಗಳು ಕೆಂಪಾಗಿದ್ದವು. ಕಿವಿಯನ್ನು ಬೇಕೆಂದೇ ಕೆಂಪು ಮಾಡಿಕೊಳ್ಳಲು ಬರುತ್ತದೆಯೇ ಎಂದೂ ಒಂದು ಗಳಿಗೆ ಯೋಚಿಸಿದಳು.

"ನನಗೆ ನಿಮ್ಮ ಮೇಲಿನ ಅನುಮಾನ ಹೋಗಿಲ್ಲ," ಎಂದಳು. "ಬೇಗ ಹೋಗೋ ಹಾಗೂ ಕಾಣ್ತಿಲ್ಲ. ಅದನ್ನ ಇಟ್ಕೊಂಡೇ ಇಷ್ಟಪಡ್ತೀನಿ. ನಿಮಗೆ ಆಗುತ್ತಾ?"

ಮೇಷ್ಟ್ರು ಬಾಯಿ ತೆರೆದ. ಪಾಠವೊಂದೂ ಬರಲಿಲ್ಲ. "ದಿನಾ ಅನುಮಾನ ಪಡ್ತೀರಾ?" ಎಂದ.

"ದಿನಾ."

"ಹಾಗಾದ್ರೆ ದಿನಾ ಹತ್ತಿರದಿಂದ ನೋಡ್ಬೇಕಾಗುತ್ತೆ."

ಅವಳು ಹುಬ್ಬು ಗಂಟಿಕ್ಕಿದಳು. ಅವನು ನಗಲೂ ಹೆದರಿ ನಿಂತ. ಅಷ್ಟರಲ್ಲಿ ಅಮ್ಮ ಬಂದು, ಬಸ್ಸು ನಿಮಗೋಸ್ಕರ ಕಾಯೋದಿಲ್ಲ ಎಂದು ಗದರಿದರು. ಅವನು ಎರಡು ಹಿಡಿಯ ದೊಡ್ಡ ಚೀಲವನ್ನು ಎತ್ತಿಕೊಂಡ. ಗುಬ್ಬಿ ಒಂದು ಹಿಡಿಯನ್ನು ಅವನ ಬೆರಳುಗಳಿಂದ ಬಿಡಿಸಿ ತಾನು ಹಿಡಿದುಕೊಂಡಳು.

ಮೆಟ್ಟಿಲು ಕಿರಿದು. ಇಬ್ಬರೂ ಒಬ್ಬರಿಗೊಬ್ಬರು ತಾಗಿಕೊಂಡೇ ಇಳಿಯಬೇಕಾಯಿತು.