ಹಸಿರು ಸೀರೆಯ ಮಡಿಕೆ

ಟ್ರಂಕಿನ ಮೇಲಿದ್ದ ಹಸಿರು ಸೀರೆ ತನಗೇ ತಂದದ್ದು ಅಂತ ಸೋಮಮ್ಮ ಅಂದುಕೊಂಡದ್ದರಲ್ಲಿ ತಪ್ಪೇನಿತ್ತು? ಮನೆಯಲ್ಲಿ ಇದ್ದವರೇ ಇಬ್ಬರು. ಗಂಡ ಚಿನ್ನಸ್ವಾಮಿ ಹಿಂದಿನ ದಿನ ಕೊಳ್ಳೇಗಾಲಕ್ಕೆ ಹೋಗಿ ಬಂದಿದ್ದ.

ಮದುವೆಯಾಗಿ ಎಂಟು ತಿಂಗಳಾದರೂ ಅವನು ಯಾವುದನ್ನೂ ಅವಳ ಕೈಗೆ ಕೊಟ್ಟವನಲ್ಲ. ಕನಕಾಂಬರ ತಂದರೆ ಕಿಟಕಿಯಲ್ಲಿಟ್ಟು ಕೊಟ್ಟಿಗೆಗೆ ನಡೆದುಬಿಡುತ್ತಿದ್ದ. ಮುಡಿದಳೋ ಇಲ್ಲವೋ ಅಂತ ಆಮೇಲೆ ಓರೆಗಣ್ಣಿನಲ್ಲಿ ನೋಡುತ್ತಿದ್ದ. ಆ ಒಂದು ನೋಟಕ್ಕಾಗಿ ಅವಳು ಬೇಕಂತಲೇ ಕೊಟ್ಟಿಗೆಯ ಮುಂದೆ ಎರಡು ಸಲ ಓಡಾಡುತ್ತಿದ್ದಳು. ಹೆಸರು ಹಿಡಿದು ಮಾತ್ರ ಅವನು ಒಂದು ದಿನವೂ ಕರೆದಿರಲಿಲ್ಲ. ‘ಕೇಳುಸ್ತಾ?’ ಅಂದರೆ ಅದು ಅವಳಿಗೆ.

ಎಳಂದೂರು ಸೀಮೆಯ ಮಾಂಬಳ್ಳಿ ಬಿಟ್ಟು ಅಜ್ಜೀಪುರಕ್ಕೆ ಬಂದು ಹದಿನೈದು ದಿನವಾಗಿತ್ತು. ಅದು ಮೈಸೂರು ಸಂಸ್ಥಾನ, ಇದು ಮದ್ರಾಸಿಗೆ ಸೇರಿದ್ದು. ಸೋದರಮಾವ ಬಿಟ್ಟುಹೋದ ಹೊಲ ಉಳಲು ಹೊರಟೆ ಅಂತ ಅವನು ಊರಿಗೆಲ್ಲ ಹೇಳಿದ್ದ. ನಿಜ ಏನೆಂದು ಸೋಮಮ್ಮನಿಗೆ ಗೊತ್ತಿತ್ತು. ಮೂರು ವರ್ಷದ ಹಿಂದೆ ಜ್ವರದಲ್ಲಿ ಹೋದ ಮೊದಲ ಹೆಂಡತಿ ರಾಚಮ್ಮ ಮಾಂಬಳ್ಳಿ ಮನೆಯ ಒಲೆ, ಒರಳು, ಹಿತ್ತಿಲು ಎಲ್ಲದರಲ್ಲೂ ಇದ್ದಳು. ಹೊಸ ಮನೆಯಲ್ಲಾದರೂ ನಾನೊಬ್ಬಳೇ ಇರುತ್ತೇನೆ ಅಂತ ಸೋಮಮ್ಮ ಒಳಗೊಳಗೇ ಹಿಗ್ಗಿದ್ದಳು. ಹೊಸ ಮನೆಗೆ ಮೊದಲು ಬಂದದ್ದು ಹಿರಿಯರ ಹಬ್ಬ.

ತಲೆಗೆ ನೀರು ಹಾಕಿಕೊಂಡು, ಸೀರೆಯ ಮಡಿಕೆ ಮುರಿದು ಉಟ್ಟು, ಕಜ್ಜಾಯ ಸುಡಲು ಕೂತಳು. ಬಾಳೆಯೆಲೆ ತಂದ ಚಿನ್ನಸ್ವಾಮಿ ಬಾಗಿಲಲ್ಲೇ ನಿಂತ. ಅಂಥ ಬೆಳಕು ಅವನ ಮುಖದಲ್ಲಿ ಅವಳು ಎಂದೂ ಕಂಡಿರಲಿಲ್ಲ. ನಾಚಿ ಸೆರಗು ಸರಿಮಾಡಿಕೊಂಡಳು. ಮತ್ತೆ ಕಣ್ಣೆತ್ತಿದಾಗ ಆ ಬೆಳಕು ಆರಿಹೋಗಿತ್ತು.

“ಅದು ಎಡೆಗ್ ಇಡಾಕೆ ತಂದಿದ್ದೆ,” ಅಂದ ಮೆಲ್ಲಗೆ.

ರಾಚಮ್ಮ ಹಸಿರು ಸೀರೆ ಕೇಳಿದ್ದಳಂತೆ. ಬರುವ ವರ್ಷ ನೋಡೋಣ ಅಂದಿದ್ದನಂತೆ. ಬರುವ ವರ್ಷಕ್ಕೆ ಅವಳೇ ಇರಲಿಲ್ಲ. ಸೀರೆ ಅಂಗಡಿಯ ಮೆಟ್ಟಿಲು ಹತ್ತಲು ಅವನಿಗೆ ಮೂರು ವರ್ಷ ಬೇಕಾಯಿತು. ಈಗ ನೋಡಿದರೆ, ಒಬ್ಬರು ಉಟ್ಟ ಬಟ್ಟೆಯನ್ನು ಹಿರಿಯರಿಗೆ ಇಡುವಂತಿಲ್ಲ. ಅವನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

ಸೋಮಮ್ಮ ಒಳಗೆ ಹೋಗಿ ಸೀರೆ ಬಿಚ್ಚಿದಳು. ಅಳು ಒತ್ತರಿಸಿ ಬಂತು. ಸತ್ತವಳ ಮೇಲೆ ಹೊಟ್ಟೆಕಿಚ್ಚು, ಹೊಟ್ಟೆಕಿಚ್ಚುಪಟ್ಟೆನಲ್ಲ ಅಂತ ನಾಚಿಕೆ, ಎರಡೂ ಒಟ್ಟಿಗೇ ಸುಟ್ಟವು. ಸಾಯುವ ಗಳಿಗೆಯಲ್ಲಿ ಆ ಹೆಂಗಸಿಗೆ ಸೀರೆಯ ನೆನಪಾಗಿತ್ತೋ ಏನೋ. ಕಣ್ಣೊರೆಸಿಕೊಂಡು ಟ್ರಂಕು ತೆಗೆದಳು. ಗೌರಿ ಹಬ್ಬಕ್ಕೆ ರಾಮಾಪುರದಿಂದ ತಾಯಿ ಕಳಿಸಿದ ಅರಿಶಿನ ಬಣ್ಣದ ನೂಲಿನ ಸೀರೆ ಅಡಿಯಲ್ಲಿತ್ತು. ದೀಪಾವಳಿಗೆ ಉಡಬೇಕೆಂದು ಮಡಿಕೆ ಮುರಿಯದೆ ಇಟ್ಟಿದ್ದಳು. ಅದನ್ನು ತಂದು ಕಳಸದ ಮುಂದಿಟ್ಟಳು. ಚಿನ್ನಸ್ವಾಮಿ ಅದರ ಪಕ್ಕದಲ್ಲಿ ಬಾಳೆಯೆಲೆ ಹಾಸಿದ.

ಹೊತ್ತು ಇಳಿಯುವಾಗ ಎಡೆ ಹಾಕಿ, ಧೂಪ ತೋರಿಸಿ, ಇಬ್ಬರೂ ಹೊರಗೆ ಬಂದು ಬಾಗಿಲು ಮುಚ್ಚಿದರು. ಹಿರಿಯರು ಬಂದು ಉಣ್ಣುವಾಗ ಯಾರೂ ಒಳಗಿರಬಾರದು. ಜಗಲಿಯಲ್ಲಿ ಅವನು ಮಾಂಬಳ್ಳಿ ಕಡೆಯಿಂದ ಬರುವ ಕೊಳ್ಳೇಗಾಲದ ದಾರಿಯನ್ನೇ ನೋಡುತ್ತಾ ನಿಂತ.

“ಅವ್ಳಿಗೆ ಈ ಮನೆ ಗೊತ್ತಾದದಾ?” ಅಂದ. “ಮಾಂಬಳ್ಳಿಗೇ ಓಗಿ, ಬೀಗ ನೋಡ್ಕಂಡು, ಅಸ್ಕಂಡು ತಿರುಗ್ಬುಟ್ರೆ?”

ಹೊಸ ಮನೆಗೆ ರಾಚಮ್ಮ ಬರದಿರಲಿ ಅಂತ ಹದಿನೈದು ದಿನವೂ ಬೇಡಿಕೊಂಡವಳು ಸೋಮಮ್ಮನೇ. ಜಗಲಿ ಇಳಿದು, ಬೀದಿಯ ಅಂಚಿಗೆ ಹೋಗಿ ನಿಂತು, ಸೆರಗು ತಲೆಗೆ ಹೊದ್ದಳು.

“ಅಕ್ಕಾ, ನಾವು ಇಲ್ಲಿಗ್ ಬಂದ್ವಿ ಕಣಕ್ಕ. ಇದೇ ನಿನ್ ಮನೆ. ನಿಂಗೆ ಅಂತ ತಂದಿದ್ ಸೀರೆಯ ನಾ ಉಟ್ಬುಟ್ಟೆ, ತಪ್ಪಾಯ್ತು. ಒಳೀಕ್ ಓಗಿ ಉಣ್ಣು.”

ತಿರುಗಿದಾಗ ಅವನು ಪಂಚೆಯ ಚುಂಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದ. ಹತ್ತಿರ ಹೋಗಿ ನಿಂತಳು. ಕೇಳಬಾರದೆಂದಿದ್ದರೂ ಬಾಯಿಗೆ ಬಂದುಬಿಟ್ಟಿತು.

“ಬಾಗ್ಲಲ್ಲಿ ನಿಂತ್ಕಂಡು ನೋಡುದ್ರಲ್ಲ, ಆಗ ಯಾರ್ನ ನೋಡುದ್ರಿ?”

“ಅವಳ್ನೇ,” ಅಂದ ಚಿನ್ನಸ್ವಾಮಿ. ಸುಳ್ಳು ಅವನಿಗೆ ಬರುತ್ತಿರಲಿಲ್ಲ. ಅವಳು ತಲೆ ತಗ್ಗಿಸಿದಳು. ಎಂದೂ ಕೈ ಮುಟ್ಟಿ ಏನನ್ನೂ ಕೊಡದವನು ಅವಳ ಕೈ ಹಿಡಿದುಕೊಂಡ. “ಈಗ ನಿನ್ನ ನೋಡ್ತಾ ಇವ್ನಿ, ಸೋಮಿ.”

ಇನ್ನು ಬಾಗಿಲು ತೆಗೆಯಬಹುದಿತ್ತು. ಅವನು ಚಿಲಕದ ಮೇಲೆ ಕೈಯಿಟ್ಟಾಗ ಸೋಮಮ್ಮ ತಡೆದಳು. ಒಳಗಿರುವವಳು ಬಲು ದೂರದಿಂದ ಬಂದಿದ್ದಾಳೆ, ನಿಧಾನವಾಗಿ ಉಣ್ಣಲಿ ಅಂದಳು. ಇಬ್ಬರೂ ಇನ್ನೂ ಸ್ವಲ್ಪ ಹೊತ್ತು ಹೊರಗೇ ನಿಂತರು.