ನುಣುಪು ಕಲ್ಲಿನ ಮೇಲಿನ ಜಾಕ್

"ಶಿವಗಂಗಾ, ಆ ಕಲ್ಲ ಮ್ಯಾಲ ಜಾಕ್ ಇಡಬ್ಯಾಡ."

ಬೈಕ್ ನಿಲ್ಲಿಸಿದವನ ದನಿ ಕೇಳಿಯೇ ಅವಳಿಗೆ ಗುರುತಾಯಿತು. ವಿಜಯಮಹಾಂತೇಶ! ನಿಶ್ಚಯವಾದ ಮದುವೆಯನ್ನು ಒಂದೇ ಫೋನಿನಲ್ಲಿ ಮುರಿದು, ವರ್ಷವಿಡೀ ಮುಖ ಮರೆಸಿದ್ದವನು… ಈಗ ಹುನಗುಂದದ ದಾರಿಯಲ್ಲಿ, ಅವಳ ಪಂಕ್ಚರ್ ಆದ ಗಾಲಿಯ ಮುಂದೆ!

ಜೀಪಿಗೆ ಕಟ್ಟಿದ್ದ ಆ ಟ್ರೇಲರೇ ಅವಳ ಬದುಕು. ಮಂಚ, ಒಲೆ ಎಲ್ಲ ಇದ್ದ ಗಾಲಿಮನೆ; ಬಾದಾಮಿಗೆ ಬರುವ ಪ್ರವಾಸಿಗರಿಗೆ ಬಾಡಿಗೆ ಕೊಡುತ್ತಿದ್ದಳು. 'ಗಾಡಿ ಹೊಡೆದುಕೊಂಡು ತಿರುಗುವ ಹುಡುಗಿ ಬೇಡವಾದಳೇನೋ' ಎಂದುಕೊಂಡು ಅದೆಷ್ಟು ಅತ್ತಿದ್ದಳೋ.

ರಸ್ತೆ ಬದಿಯ ಎರೆಮಣ್ಣಿನಲ್ಲಿ ಜಾಕ್ ಹೂತುಹೋಗುತ್ತಿತ್ತು. ಬಾಗಿಲಿಗೆ ಮೆಟ್ಟಿಲಾಗಿ ಹಾಕುವ ಇಳಕಲ್ಲಿನ ಪಾಲಿಶ್ ಗ್ರಾನೈಟನ್ನೇ ಅದರ ಕೆಳಗೆ ಇಟ್ಟಿದ್ದಳು. ಈ ಸೀಮೆಯವರಿಗೆ ಏನೇ ಅಲುಗಾಡಲಿ, ಕೆಳಗೊಂದು ಗ್ರಾನೈಟ್ ತುಂಡು ಇಟ್ಟರೇ ಸಮಾಧಾನ.

ಅವನು ಎಡಗೈಯನ್ನು ಜೇಬಿನಲ್ಲಿಟ್ಟುಕೊಂಡೇ ವಿಚಾರಿಸಿದ. ಜೀಪು ಬಿಚ್ಚಿಲ್ಲ ತಾನೇ, ಆಚೆ ಗಾಲಿಗೆ ಕಲ್ಲು ಕೊಟ್ಟಿದ್ದಾಳೋ, ಎತ್ತುವ ಮೊದಲೇ ನಟ್ಟು ಸಡಿಲಿಸಿದಳೋ… ಅಷ್ಟೆಲ್ಲ ಅವಳು ಆಗಲೇ ಮಾಡಿದ್ದಳು.

'ಕೇಳುವುದಕ್ಕೆ ಬಾಯಿದೆ. ನನಗಾಗಿ ಕೈ ಮಾತ್ರ ಜೇಬಿನಿಂದ ಬಾರದು!'

ಸಿಟ್ಟಿನಲ್ಲೇ ಜಾಕ್ ತಿರುಗಿಸಿದಳು. ಟ್ರೇಲರ್ ತುಸು ಎದ್ದಿತು. ಮರುಗಳಿಗೆ ಜಾಕ್ ನುಣುಪು ಕಲ್ಲಿನ ಮೇಲೆ ಸರ್ರನೆ ಜಾರಿತು…

ಅವನು ಎರಡೂ ಕೈಯಿಂದ ಅವಳನ್ನು ಹಿಂದಕ್ಕೆಳೆದ. ಟ್ರೇಲರ್ ಗಾಳಿಯಿಲ್ಲದ ಗಾಲಿಯ ಮೇಲೆ ಧೊಪ್ಪೆಂದು ಕೂತಿತು.

ಹೆಗಲ ಮೇಲಿದ್ದ ಅವನ ಎಡಗೈ ಈಗ ಅವಳ ಕಣ್ಣಿಗೆ ಬಿತ್ತು. ಎರಡು ಬೆರಳುಗಳೇ ಇರಲಿಲ್ಲ.

"ಇದು… ಯಾವಾಗ್ರಿ?"

"ನಾ ಫೋನ್ ಮಾಡಿದ್ನಲ್ಲಾ, ಅದರ ಹಿಂದಿನ ವಾರ. ಟ್ರ್ಯಾಕ್ಟರ್ ಎತ್ತಾಕ ಇಂಥಾದ ಕಲ್ಲು ಇಟ್ಟಿದ್ದೆ."

ಅವಳಿಗೆ ಯಾರೂ ಹೇಳಕೂಡದೆಂದು ಮನೆಯವರಿಗೆಲ್ಲ ಆಣೆ ಹಾಕಿದ್ದನಂತೆ. ಅವನು ನೇಕಾರ. ಅವಳ ಮದುವೆ ಸೀರೆಯನ್ನು ತಾನೇ ನೇಯುವುದಾಗಿ ಮಾತು ಕೊಟ್ಟಿದ್ದ. ಇಳಕಲ್ ಸೀರೆಯ ಒಡಲಿಗೂ ಸೆರಗಿಗೂ ಬೇರೆ ಬೇರೆ ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ಎಳೆಗಳು. ನೇಯುವ ಮೊದಲು ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಆ ಬೆರಳುಗಳೇ ಹೋಗಿದ್ದವು.

"ಕೊಟ್ಟ ಮಾತು ನಡಸಾಕ ಆಗದಾಂವ ನಿನಗ್ಯಾಕ ಅಂದ್ಕೊಂಡೆ."

"ನನ್ನ ಒಂದ ಮಾತು ಕೇಳಬೇಕಿತ್ತಲ್ರಿ," ಎಂದವಳಿಗೆ ದುಃಖ ಒತ್ತರಿಸಿ ಬಂತು. ಆ ಒಂದು ವರ್ಷ… ಅದನ್ನು ಯಾರು ತಂದುಕೊಡುತ್ತಾರೆ?

ಕಣ್ಣೊರೆಸಿಕೊಂಡು ಒಳಗಿನಿಂದ ಮಂಚದ ದಪ್ಪ ಹಲಗೆ ತಂದಳು. ಅವನು ಅದನ್ನು ಮಣ್ಣಿನ ಮೇಲೆ ಅಲುಗಾಡದಂತೆ ಕೂರಿಸಿದ. ಅವಳು ಜಾಕ್ ತಿರುಗಿಸಿದಳು. ಇಬ್ಬರೂ ಸೇರಿ ಗಾಲಿ ಬದಲಿಸಿ, ಟ್ರೇಲರ್ ನೆಲಕ್ಕಿಳಿಸಿ, ನಟ್ಟು ಬಿಗಿದರು.

"ಆ ಸೀರಿ ಏನಾತ್ರಿ?"

"ಹಾಸು ಮಗ್ಗದಾಗ ಹಂಗ ಐತಿ. ಲಾಳಿ ಹೊಡೀತೇನಿ, ಎಳಿ ಕೂಡಸಾಕ ಬರೂದಿಲ್ಲ."

"ಎಳಿ ನಾ ಕೂಡಸ್ತೇನಿ. ನೀವು ನೇಯ್ರಿ."

"ಕಲಿಯಾಕ ಭಾಳ ದಿನ ಹಿಡೀತೈತಿ, ಗಂಗಾ."

ಅವಳು ಅವನ ಎಡಗೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

"ಹಿಡೀಲಿ. ಗಾಡಿ ನಿಮ್ಮ ಬಾಗಲ ಮುಂದನ ನಿಲ್ಲಸ್ತೇನಿ."