ಖಾಲಿ ಉಳಿದ ಸಾಲು

ದೆವ್ವ ಗಿವ್ವ ನಂಬುವವನಲ್ಲ ನಾನು. ನಡೆದದ್ದನ್ನಷ್ಟೇ ಹೇಳುತ್ತೇನೆ.

ಕಂಪ್ಯೂಟರಿನಲ್ಲಿ ಯುದ್ಧವಿಮಾನ ಹಾರಿಸುವುದು ಭಾವನ ಹುಚ್ಚು. ಯಾವ ವೇಗದಲ್ಲಿ ತಿರುಗಿದರೆ ಒಂದು ಪೂರ್ತಿ ಸುತ್ತು ಬೇಗ ಮುಗಿಯುತ್ತದೆಂದು ಒಂದೊಂದೇ ವೇಗ ಹಿಡಿದು ಸೆಕೆಂಡು ಬರೆದಿಡುತ್ತಿದ್ದರು. ಪ್ರತಿ ಸುತ್ತು ಮುಗಿದಾಗಲೂ ಹಿಂದಕ್ಕೆ ಒರಗುವರು, ಕುರ್ಚಿ ಕಿರ್ರೆನ್ನುವುದು. ಅವರು ತೀರಿಕೊಂಡಾಗ ಪಟ್ಟಿಯಲ್ಲಿ ಆರುನೂರೈವತ್ತು ಕಿಲೋಮೀಟರ್ ವೇಗದ ಸಾಲೊಂದೇ ಖಾಲಿ ಉಳಿದಿತ್ತು. ಅದನ್ನು ತುಂಬೋಣವೆಂದು ಒಂದು ಮಧ್ಯಾಹ್ನ ಅಕ್ಕನ ಮನೆಗೆ ಹೋಗಿ ಆ ಕುರ್ಚಿಯಲ್ಲಿ ಕೂತೆ.

"ಎತ್ತರ ಬಿಡದೆ ಸುತ್ತಿದ್ರೆ, ಕೊನೇಲಿ ನೀನೇ ಕಲಕಿದ ಗಾಳಿಗೆ ಸಿಕ್ಕಿ ವಿಮಾನ ನಡುಗುತ್ತೆ. ಆಗ ಸುತ್ತು ಸರಿ ಅಂತ ಲೆಕ್ಕ," ಎನ್ನುತ್ತಿದ್ದರು ಭಾವ.

ನನ್ನ ಸುತ್ತಿಗೆ ಇಪ್ಪತ್ತು ಸೆಕೆಂಡು ಹಿಡಿಯಿತು. ಆದರೆ ವಿಮಾನ ಹತ್ತನೆಯ ಸೆಕೆಂಡಿಗೇ ನಡುಗಿತ್ತು. ಆ ಆಕಾಶದಲ್ಲಿ ನನ್ನದು ಬಿಟ್ಟರೆ ಬೇರೆ ವಿಮಾನವಿರಲಿಲ್ಲ. ಮುಂದಿನ ಸುತ್ತಿನಲ್ಲಿ ಏಳಕ್ಕೆ ನಡುಗಿತು, ಆಮೇಲೆ ನಾಲ್ಕಕ್ಕೆ. ವಿಮಾನ ತಿರುಗಿಸಲು ಕೈಯಲ್ಲಿ ಹಿಡಿದಿದ್ದ ಸ್ಟಿಕ್ಕು ತಣ್ಣಗೆ ಕೊರೆಯತೊಡಗಿತು. ಕಂಪ್ಯೂಟರನ್ನೇ ಆರಿಸಿ ಕೋಣೆಯ ಬಾಗಿಲಿಗೆ ಬಂದು ನಿಂತೆ.

ಅಡುಗೆಮನೆಯಿಂದ ಅಕ್ಕ ಹೇಳಿದಳು, "ಸಾಕು ಏಳೋ. ಆ ಕುರ್ಚಿ ಸದ್ದು ಕೇಳಿದ್ರೆ ನಂಗೆ ಒಂಥರಾ ಆಗುತ್ತೆ."

ನಾನು ಹಿಂದೆ ತಿರುಗಲಿಲ್ಲ, ಮನಸ್ಸಿನಲ್ಲೇ ಎಣಿಸಿದೆ. ಸರಿಯಾಗಿ ಹದಿನೆಂಟು ಸೆಕೆಂಡಿಗೊಮ್ಮೆ ಕುರ್ಚಿ ಕಿರ್ರೆನ್ನುತ್ತಿತ್ತು.

ಪಟ್ಟಿಯಲ್ಲಿ ಹದಿನೆಂಟು ಎಂದೇ ಬರೆದಿದ್ದೇನೆ.